ಸೊನ್ನೆಯಕ್ಕನ ಪಟ್ಟಿ

ಪ್ರಯೋಗದ ಹೊಲದಲ್ಲಿ ಎಲ್ಲರೂ ಅವಳನ್ನು ಸೊನ್ನೆಯಕ್ಕ ಎಂದು ಕರೆಯುತ್ತಿದ್ದರು. ಹೊಸಬರಿಗೆ ಅದು ಬೈಗುಳದಂತೆ ಕೇಳಿಸುತ್ತಿತ್ತು. ಹಾಗಲ್ಲ, ಅದು ಅವಳು ಬೆನ್ನು ಬಗ್ಗಿಸಿ ಗಳಿಸಿದ ಹೆಸರು. ಹನ್ನೆರಡು ವರ್ಷಗಳಿಂದ ಪ್ರತಿ ಶುಕ್ರವಾರ ಅವಳು ರುಜು ಹಾಕುವ ಕಾಗದದ ಕೊನೆಯ ಮನೆಯಲ್ಲಿ ದುಂಡನೆಯ ಸೊನ್ನೆಯೊಂದು ತಪ್ಪದೆ ಬೀಳುತ್ತಿತ್ತು. ಒಂದು ವಾರವೂ ಒಂದು ಆಗಿರಲಿಲ್ಲ, ಎರಡು ಆಗಿರಲಿಲ್ಲ. ಆ ಸೊನ್ನೆಗಾಗಿ ಅವಳಿಗೆ ಚೌಕಟ್ಟು ಹಾಕಿದ ಪ್ರಶಂಸಾಪತ್ರವನ್ನೂ ಕೊಟ್ಟಿದ್ದರು. ಅದನ್ನು ಅತ್ತೆಯ ಮಂಚದ ಮೇಲಿನ ಮೊಳೆಗೆ ತೂಗುಹಾಕಿದ್ದಳು.

ಅವಳ ಕೆಲಸ ಹೊರಪಟ್ಟಿಯದು. ಹೊಲದ ನಡುವೆ ಬೆಳೆಯುತ್ತಿದ್ದದ್ದು ಕುಲಾಂತರಿ ಸಾಸಿವೆ. ಬೇರೊಂದು ಜೀವಿಯ ಗುಣವನ್ನು ಬೀಜದೊಳಗೇ ಸೇರಿಸಿ ಮಾಡಿದ ಹೊಸ ತಳಿ. ಉಳಿದ ಕಳೆಯನ್ನೆಲ್ಲ ಸುಟ್ಟುಹಾಕುವ ಕಳೆನಾಶಕ ಸಿಂಪಡಿಸಿದರೂ ಅದು ಸಾಯುತ್ತಿರಲಿಲ್ಲ. ಹೊಲಕ್ಕೆ ಒಂದು ಒಳಬೇಲಿ. ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ ಹೊರಬೇಲಿ. ಎರಡರ ನಡುವಿನ ಬೋಳು ನೆಲಕ್ಕೆ ಹೊರಪಟ್ಟಿ ಎಂದು ಹೆಸರು. ಹೊಸ ಸಾಸಿವೆಯ ಪರಾಗ ಗಾಳಿಯಲ್ಲೋ ಜೇನುಹುಳುವಿನ ಕಾಲಲ್ಲೋ ಹಾರಿ, ದಾರಿಬದಿಯಲ್ಲಿ ತಾನೇ ಹುಟ್ಟುವ ಕಾಡುಸಾಸಿವೆಗೆ ಸೋಕಿದರೆ ಎರಡರ ಗುಣವೂ ಇರುವ ಬೆರಕೆ ಗಿಡ ಹುಟ್ಟುತ್ತದೆ. ಅಂಥ ಗಿಡ ಒಮ್ಮೆ ಊರಿನ ಹೊಲಗಳಿಗೆ ನುಗ್ಗಿದರೆ ಮತ್ತೆ ಹೊರಗಟ್ಟುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಹೊರಪಟ್ಟಿಯಲ್ಲಿ ಏನು ಹುಟ್ಟುತ್ತದೆಂದು ವಾರವಾರವೂ ನೋಡಬೇಕು. ನೋಡಿದ್ದನ್ನು ಬರೆದು ಸರ್ಕಾರದ ಪರಿಶೀಲನಾ ಸಮಿತಿಗೆ ಕಳಿಸಬೇಕು. ಸಮಿತಿಯ ಕಡತವನ್ನು ಯಾವ ಪ್ರಜೆಯೂ ಬಂದು ಓದಬಹುದು. ಇಷ್ಟೂ ಕಾನೂನು.

ನೋಡುವ ಕಣ್ಣು ಸೊನ್ನೆಯಕ್ಕನದು. ರಬ್ಬರ್ ಬೂಟು, ಮೊಣಕಾಲು ಮುಟ್ಟುವ ಖಾಕಿ ಮೇಲಂಗಿ, ತಲೆಗೊಂದು ಬಟ್ಟೆ. ಕತ್ತು ಬಗ್ಗಿಸಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ದಿನಕ್ಕೆರಡು ಸುತ್ತು ಬರುತ್ತಿದ್ದಳು. ಉಗುರಿನಷ್ಟು ಮೊಳಕೆ ಕಂಡರೂ ಬೆರಳುಗಳು ತಾವಾಗಿಯೇ ಹೋಗಿ ಬೇರುಸಹಿತ ಎತ್ತಿಬಿಡುತ್ತಿದ್ದವು. ಒಮ್ಮೆ ನೆಂಟರ ಮದುವೆಯಲ್ಲಿ, ಊಟಕ್ಕೆ ಕಾಯುತ್ತ ಕುಳಿತಾಗ, ಪಕ್ಕದ ಹೂಕುಂಡದ ಹುಲ್ಲನ್ನೆಲ್ಲ ಕಿತ್ತು ರಾಶಿ ಹಾಕಿದ್ದಳು.

"ಲೋಕದ ಕಳೆಯೆಲ್ಲ ಇವಳ ಕಣ್ಣಿಗೆ ಬೀಳುತ್ತೆ, ನನ್ನ ತಲೆಯ ಹೇನು ಮಾತ್ರ ಬೀಳಲ್ಲ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುವಳು.

"ಹೇನಿಗೆ ಸರ್ಕಾರದ ಕಾಗದ ಬಂದಿಲ್ಲವಲ್ಲ ಅತ್ತೆ!" ಎಂದು ಸೊಸೆ ನಗುವಳು.

ಅವರ ಮನೆ ಇದ್ದದ್ದೂ ಆ ಎರಡು ಬೇಲಿಗಳ ನಡುವೆಯೇ. ಗಂಡ ಹೊರಗೇಟಿನ ಕಾವಲುಗಾರ. ಗೇಟಿನ ಪಕ್ಕ ಮೂರು ಕೋಣೆಗಳ ಮನೆ ಕೊಟ್ಟಿದ್ದರು. ಸಾಸಿವೆ ಕಾಳು ಎಷ್ಟು ಸಣ್ಣದೆಂದು ಹೇಳಬೇಕಾಗಿಲ್ಲ. ಅದು ಬಟ್ಟೆಯ ಮಡಿಕೆಯಲ್ಲಿ ಕುಳಿತು ಹೊರಹೋಗಬಾರದೆಂದು, ಗೇಟು ದಾಟುವ ಪ್ರತಿಯೊಬ್ಬರೂ ಜೇಬು ಹೊರಗೆಳೆದು ಕೊಡವಬೇಕು, ಅಂಚು ಝಾಡಿಸಬೇಕು, ಚಪ್ಪಲಿಯ ಅಡಿಗೆ ಬ್ರಷ್ ಹಾಕಿಸಿಕೊಳ್ಳಬೇಕು. ಅಂಗಡಿಯಿಂದ ಸೋಪು ತರಲು ಹೊರಟರೂ ಹೆಂಡತಿಯನ್ನು ನಿಲ್ಲಿಸಿ, ಮೊಣಕಾಲೂರಿ ಕುಳಿತು, ಗಂಡನೇ ಅವಳ ಚಪ್ಪಲಿ ಉಜ್ಜುತ್ತಿದ್ದ.

"ಮದುವೆಯಾದ ಹೊಸದರಲ್ಲಿ ಕೈ ಹಿಡಿಯೋಕೂ ನಾಚ್ತಿದ್ರಿ. ಈಗ ನೋಡಿ, ದಿನಾ ಕಾಲು ಹಿಡೀತೀರಿ" ಎಂದು ಅವಳು ರೇಗಿಸಿದರೆ, "ಮಾತಾಡಬೇಡ, ಇನ್ನೊಂದು ಕಾಲು ಎತ್ತು" ಎನ್ನುವನು.

ನಗುತ್ತಿದ್ದರು, ನಿಜ. ಆದರೂ ಆ ಮನೆ ಪಂಜರವೇ. ನೆಂಟರು ಬರಬೇಕೆಂದರೆ ಮುಂಚೆಯೇ ಹೆಸರು ಕೊಡಬೇಕಾಗಿತ್ತು, ಬಂದ ಮಕ್ಕಳು ಓಡಾಡುವಂತಿರಲಿಲ್ಲ. ಅತ್ತೆಯ ಸೊಂಟದ ಮೂಳೆ ಮುರಿದು ಮೂರು ವರ್ಷವಾಗಿತ್ತು. ಅಂದಿನಿಂದ ಆಕೆ ಗೇಟು ದಾಟಿರಲಿಲ್ಲ. ಕಿಟಕಿಯಿಂದ ಕಾಣುತ್ತಿದ್ದದ್ದು ತಂತಿ, ಬೋಳು ನೆಲ, ಅದರಲ್ಲಿ ಬಗ್ಗಿ ನಡೆಯುವ ಸೊಸೆ, ಮತ್ತೆ ತಂತಿ. "ಸಾಯೋದರೊಳಗೆ ಒಂದು ಬಾಗಿಲಲ್ಲಿ ಕೂತು, ಬೀದೀಲಿ ಹೋಗೋರನ್ನ 'ಎಲ್ಲಿಗೆ ಹೊರಟ್ರಿ' ಅಂತ ಕೇಳಬೇಕು ಕಣೇ" ಎಂದು ಆಕೆ ಆಗಾಗ ಹೇಳುತ್ತಿದ್ದಳು.

ಆ ಆಸೆಗೆ ಆ ವರ್ಷ ಜೀವ ಬಂತು. ಪತ್ರಿಕೆಯಲ್ಲಿ ಪ್ರಕಟಣೆಯಾಯಿತು: ಹೊರಪಟ್ಟಿಯಲ್ಲಿ ಹನ್ನೆರಡು ವರ್ಷಗಳಿಂದ ಒಂದೇ ಒಂದು ಗಿಡವೂ ಕಂಡುಬಂದಿಲ್ಲವಾದ್ದರಿಂದ ಬೇಲಿಗಳನ್ನು ತೆಗೆದು, ಹೊಸ ಸಾಸಿವೆಯನ್ನು ಎಲ್ಲ ಹೊಲಗಳಲ್ಲಿಯೂ ಬಿತ್ತಲು ಅನುಮತಿ ಕೊಡುವ ಆಲೋಚನೆಯಿದೆ, ಸಾರ್ವಜನಿಕರು ಮೂವತ್ತು ದಿನಗಳೊಳಗೆ ಕಡತ ಓದಿ ಅಭಿಪ್ರಾಯ ತಿಳಿಸಬಹುದು. ಹೊಲದ ನಿರ್ದೇಶಕರು, ಅಲ್ಲಿಯವರ ಬಾಯಲ್ಲಿ 'ದೊಡ್ಡವರು', ಗಂಡಹೆಂಡಿರನ್ನು ಕರೆಸಿ ಮಾತು ಕೊಟ್ಟರು. ಬೇಲಿ ಹೋದ ಮೇಲೆ ಇಬ್ಬರಿಗೂ ಪೇಟೆಯ ಬೀಜದ ಗೋದಾಮಿನಲ್ಲಿ ಕೆಲಸ, ಬೀದಿಗೆ ಮುಖ ಮಾಡಿದ ಮನೆ, ಮುಂದೊಂದು ಜಗಲಿ.

"ಜಗಲಿ ಎತ್ತರ ಎಷ್ಟಂತೆ?" ಎಂದು ಅತ್ತೆ ಅಂದೇ ಮೂರು ಸಲ ಕೇಳಿದಳು.

ಕಡತ ಓದಲೆಂದು ಗೇಟಿನ ಬಳಿ ಒಂದು ಸಣ್ಣ ಕೋಣೆಯನ್ನು ತೆರೆದರು. ಮೊದಲ ವಾರ ಅಲ್ಲಿಗೆ ಬಂದದ್ದು ಎರಡು ಗುಬ್ಬಚ್ಚಿ. ಎರಡನೆಯ ವಾರ ಜೇನು ಸಾಕುವ ಮುದುಕನೊಬ್ಬ ಊಟದ ಡಬ್ಬಿ ಹಿಡಿದುಕೊಂಡು ಬಂದ. ಹೊರಬೇಲಿಯಾಚೆ ಅವನ ಇಪ್ಪತ್ತು ಪೆಟ್ಟಿಗೆಗಳಿದ್ದವು. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಹಾಳೆ ತಿರುವಿದ. ನಾಲ್ಕನೆಯ ದಿನ ಗೇಟಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಾಗ ಸೊನ್ನೆಯಕ್ಕ ಎದುರಾದಳು.

"ತಂಗೀ, ಆ ಸೊನ್ನೆ ನೀನೇನಾ?"

"ನಾನೇ ಅಣ್ಣಾ. ಯಾಕೆ, ನೋಡಿದ್ರೆ ಇನ್ನೂ ದೊಡ್ಡ ಸಂಖ್ಯೆ ಅನ್ನಿಸ್ತಾ?"

ಮುದುಕ ನಕ್ಕ. "ಆರುನೂರಕ್ಕೂ ಮೇಲೆ ಶುಕ್ರವಾರ ಓದಿದೆ. ಒಂದರಲ್ಲೂ ಒಂದು ಗಿಡ ಇಲ್ಲ. ನನ್ನ ಹುಳ ದಿನಾ ನಿಮ್ಮ ಬೇಲಿ ದಾಟಿ, ಕಾಲಿಗೆ ಹಳದಿ ಮೆತ್ತಿಕೊಂಡು ಬರುತ್ವೆ. ಇಷ್ಟಾದ್ರೂ ಒಂದೂ ಹುಟ್ಟಲಿಲ್ಲ ಅಂದ್ರೆ ನಿಮ್ಮ ಮಣ್ಣಿಗೇ ಏನೋ ರೋಗ ಬಂದಿರಬೇಕು."

ಸೊನ್ನೆಯಕ್ಕನಿಗೆ ಚುರುಕ್ ಎಂದಿತು. ಮಣ್ಣನ್ನು ಅಂದರೆ ತನ್ನನ್ನು ಅಂದ ಹಾಗೆ.

"ಮಣ್ಣಿಗೇನಾಗಿದೆ? ಹುಟ್ಟದೆ ಏನು, ಬೇಕಾದಷ್ಟು ಹುಟ್ಟುತ್ವೆ! ಸೋಮವಾರದಿಂದ ಗುರುವಾರದ ತನಕ ನಾನು ಸೊಂಟ ಮುರ್ಕೊಳ್ಳೋದು ಯಾತಕ್ಕೆ ಅಂದ್ಕೊಂಡ್ರಿ? ಶುಕ್ರವಾರ ಸಾರ್ ಎಣಿಸೋಕೆ ಬರೋ ಹೊತ್ತಿಗೆ ಒಂದು ಎಲೆ ಇರಬಾರದು, ಹಾಗೆ ಕಿತ್ತಿರ್ತೀನಿ."

ಮುದುಕನ ಲೋಟ ಬೆಂಚಿಗೂ ಬಾಯಿಗೂ ನಡುವೆ ನಿಂತಿತು. "ಕಿತ್ತಿದ್ದು ಎಷ್ಟು ಅಂತ ಎಲ್ಲಿ ಬರೆದಿದೆ?"

"ಅದನ್ಯಾಕೆ ಬರೀತಾರೆ ಅಣ್ಣಾ? ಕಸ ಗುಡಿಸಿದವರು ಕಸ ಎಣಿಸ್ತಾರಾ?"

ಅವನು ಲೋಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. "ತಾಯಿ, ಅವರು ಕೇಳಿದ್ದೇ ಕಸ ಎಷ್ಟು ಅಂತ."

ಮಾತು ತಲೆಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಾಮಾನಿನ ಕೊಠಡಿಯ ಗೋಡೆಗೆ ಅಂಟಿಸಿದ್ದ ನಿಯಮದ ಕಾಗದವನ್ನು ಅವಳು ಹೋಗಿ ಮತ್ತೊಮ್ಮೆ ಓದಿದಳು. ಹಳದಿಗಟ್ಟಿದ್ದರೂ ಅಕ್ಷರ ಸ್ಪಷ್ಟವಾಗಿತ್ತು: "ಹೊರಪಟ್ಟಿಯಲ್ಲಿ ಹುಟ್ಟಿದ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತು ಎಣಿಸಿ ಬರೆಯತಕ್ಕದ್ದು."

ಕಿತ್ತು, ಎಣಿಸಿ. ವ್ಯಾಕರಣದಲ್ಲಿ ಇವನ್ನು ಭೂತನ್ಯೂನಗಳೆನ್ನುತ್ತಾರೆ. ತಾವಾಗಿ ನಿಲ್ಲಲಾರದೆ ಮುಂದಿನ ಕ್ರಿಯೆಯ ಕೈ ಹಿಡಿದು ನಡೆಯುವ ಪದಗಳು. ಕಿತ್ತು, ಕಿತ್ತದ್ದನ್ನು ಎಣಿಸಿ, ಬರೆಯಬೇಕು ಎಂಬುದು ಬರೆದವರ ಮನಸ್ಸಿನಲ್ಲಿದ್ದ ಅರ್ಥ. ಆದರೆ ಎಣಿಸಬೇಕಾದದ್ದು ಕಿತ್ತದ್ದನ್ನೋ ಉಳಿದದ್ದನ್ನೋ ಎಂದು ವಾಕ್ಯ ಬಾಯಿಬಿಟ್ಟು ಹೇಳಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ, ಮೊದಲ ಶುಕ್ರವಾರ, ದಪ್ಪ ಕನ್ನಡಕದ ಮೇಲ್ವಿಚಾರಕರು ಎಣಿಸಲು ಬಂದಾಗ ನಾಲ್ಕು ಗಿಡ ನಿಂತಿದ್ದವು. "ಏನಕ್ಕಾ ಇದು? ಕಿತ್ತು ಎಣಿಸಿ ಅಂತ ಬರೆದಿದೆ, ಓದೋಕೆ ಬರಲ್ವಾ? ಮೊದಲು ನೀನು ಕೀಳು, ಆಮೇಲೆ ನಾನು ಎಣಿಸ್ತೀನಿ" ಎಂದು ಗದರಿ, ನಾಲ್ಕನ್ನೂ ಕೀಳಿಸಿ, ಸುತ್ತಲೂ ಕಣ್ಣಾಡಿಸಿ, ಸೊನ್ನೆ ಬರೆದರು. ಅವಳು ನಾಚಿ ನೀರಾದಳು. ಇನ್ನು ಒಂದು ಗಿಡವನ್ನೂ ಅವರ ಕಣ್ಣಿಗೆ ಬೀಳಿಸಬಾರದೆಂದು ಅಂದೇ ಪಣ ತೊಟ್ಟಳು. ಕಿತ್ತದ್ದನ್ನು ಹೊಲದ ಕಸ ಸುಡುವ ಕುಲುಮೆಗೆ ಹಾಕುತ್ತಿದ್ದಳು. ಬೂದಿಗೆ ಲೆಕ್ಕವಿರಲಿಲ್ಲ.

ಅವಳ ತಲೆಯಲ್ಲಿ ಮಾತ್ರ ಇತ್ತು. ಬೆರಕೆ ಗಿಡವನ್ನು ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ: ಎಲೆಯ ಅಡಿ ಕಾಡುಸಾಸಿವೆಯಷ್ಟು ಒರಟಲ್ಲ, ಗೆಣ್ಣಿನಲ್ಲಿ ನೇರಳೆ ಬಣ್ಣದ ಉಂಗುರ. ಮೊದಲ ವರ್ಷ ಅವು ಒಳಬೇಲಿಯ ಬುಡದಲ್ಲಿ ಬೆರಳೆಣಿಕೆಯಷ್ಟಿದ್ದವು. ಐದಾರು ವರ್ಷಕ್ಕೆ ಪಟ್ಟಿಯ ನಡುವಿಗೆ ಬಂದವು. ಹೋದ ವರ್ಷ ಹೊರಬೇಲಿಯ ತಂತಿಗೆ ಒರಗಿ ನಿಂತಿದ್ದವು. ಈಚೆಗೊಂದು ದಿನ ಬಚ್ಚಲ ಮೋರಿಯ ಬಿರುಕಿನಲ್ಲಿ ನೇರಳೆ ಉಂಗುರದ್ದೊಂದು ತಲೆಯೆತ್ತಿತ್ತು. ಅನ್ನದಲ್ಲಿ ಸಿಕ್ಕ ಕೂದಲಿನಂತೆ ಅದನ್ನು ತೆಗೆದು ಬಿಸಾಡಿ ಪಾತ್ರೆ ತೊಳೆಯಲು ಕುಳಿತಿದ್ದಳು. ಈಗ ಅವೆಲ್ಲ ಸಾಲಾಗಿ ಕಣ್ಣಮುಂದೆ ಬಂದು ನಿಂತವು. ನಡೆದುಕೊಂಡು ಬಂದಿದ್ದವು ಅವು, ವರ್ಷಕ್ಕಿಷ್ಟು ಹೆಜ್ಜೆ. ಆ ಹೆಜ್ಜೆಗುರುತುಗಳನ್ನು ತಾನೇ ಹಿಂದಿನಿಂದ ಅಳಿಸುತ್ತ ಬಂದಿದ್ದಳು.

ಅಂದು ಊಟಕ್ಕೆ ಕುಳಿತಾಗ ಗಂಡನಿಗೆ ಎಲ್ಲ ಹೇಳಿದಳು. ಅವನು ತುತ್ತು ಕಲಸುವುದನ್ನು ನಿಲ್ಲಿಸಿದ.

"ಯಾರಿಗಾದ್ರೂ ಹೇಳಿದ್ಯಾ?"

"ಜೇನಣ್ಣನ ಹತ್ರ ಬಾಯಿ ಬಿಟ್ಟೆ."

"ಮುಗೀತು."

"ರೀ, ಸುಳ್ಳಲ್ವಲ್ಲ."

"ಸುಳ್ಳಲ್ಲ ಕಣೇ. ಅದೇ ತೊಂದರೆ. ಹನ್ನೆರಡು ವರ್ಷ ರುಜು ಹಾಕಿದ್ಯಾರು? ನೀನು. ಸೊನ್ನೆ ತಪ್ಪು ಅಂದ್ರೆ ಮೊದಲು ಕೈದಿಯಾಗೋಳು ನೀನು. ಬೇಲಿ ಹೋದ್ರೆ ನಮಗೆ ಮನೆ, ಜಗಲಿ. ಬೇಲಿ ಉಳಿದ್ರೆ ನಾವು ಇಲ್ಲೇ. ಅಷ್ಟೇ ಅಲ್ಲ, ಇಲ್ಲೂ ಇಟ್ಕೊತಾರೋ ಇಲ್ವೋ."

"ಊರ ಹೊಲಕ್ಕೆಲ್ಲ ಹೋಗುತ್ತಲ್ಲ ಅದು. ಒಮ್ಮೆ ಹೋದ್ರೆ ಕೀಳೋಕೆ ಎಷ್ಟು ಜನ ನಾನು ಬೇಕು?"

ಗಂಡ ತಟ್ಟೆ ಸರಿಸಿದ. ಒಳಕೋಣೆಯಿಂದ ಅತ್ತೆ ಕೇಳಿದಳು: "ಏನ್ರೋ ಅದು, ಜಗಲಿ ವಿಷಯವೇ?"

"ಅಲ್ಲ ಅತ್ತೆ, ಕಳೆ ವಿಷಯ" ಎಂದಳು ಸೊನ್ನೆಯಕ್ಕ.

ಮರುದಿನ ಮೇಲ್ವಿಚಾರಕರ ಬಳಿ ಹೋದಳು. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೇಜಿನ ಮೇಲೆ ಗಾಜಿನ ಅಡಿಯಲ್ಲಿ ಕ್ಯಾಲೆಂಡರ್ ಇಟ್ಟು ದಿನಕ್ಕೊಂದು ಗೀಟು ಹಾಕುತ್ತಿದ್ದರು. ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ತೆಗೆದರು.

"ಅಕ್ಕಾ, ನೀನು ಕಿತ್ತಿದ್ದು ನಿಯಮದ ಪ್ರಕಾರ ತಾನೇ?"

"ಹೌದು ಸಾರ್."

"ನಾನು ಎಣಿಸಿದ್ದೂ ನಿಯಮದ ಪ್ರಕಾರ. ಕಂಡಿದ್ದನ್ನ ಬರೆದೆ. ಕಾಣದ್ದನ್ನ ಬರೆಯೋಕೆ ನಾನೇನು ಜ್ಯೋತಿಷಿನಾ?"

"ಹಾಗಾದ್ರೆ ಈಗ ಒಂದು ಕಾಗದ ಬರೆದು, ಹೀಗೀಗಾಯ್ತು ಅಂತ ಸಮಿತಿಗೆ..."

"ಬರೆಯೋಕಾಗಲ್ಲ. ಅಭಿಪ್ರಾಯ ಹೇಳೋದು ಸಾರ್ವಜನಿಕರು. ನಾವು ನೌಕರರು. ನೌಕರರು, ಅವರ ಮನೆಯವರು ಅಭಿಪ್ರಾಯ ಕೊಡೋ ಹಾಗಿಲ್ಲ ಅಂತ ಸೇರೋವಾಗಲೇ ರುಜು ಹಾಕಿದ್ದೀಯ." ಧ್ವನಿ ತಗ್ಗಿಸಿದರು. "ನಾಲ್ಕು ತಿಂಗಳು ಅಕ್ಕಾ. ನನ್ನ ಮುಖ ನೋಡಿ ಸುಮ್ಮನಿರು."

ಸೊನ್ನೆಯಕ್ಕನಿಗೆ ನಗು ಬಂತು, ಅಳುವೂ ಬಂತು. ಬೇಲಿಯ ಒಳಗಿದ್ದವರಿಗೆ ಗಿಡ ಗೊತ್ತು, ಬಾಯಿ ಇಲ್ಲ. ಹೊರಗಿದ್ದವರಿಗೆ ಬಾಯಿ ಇದೆ, ಗಿಡ ಗೊತ್ತಿಲ್ಲ.

ಸಭೆ ಪೇಟೆಯ ಶಾಲೆಯ ದೊಡ್ಡ ಕೊಠಡಿಯಲ್ಲಿ ನಡೆಯಿತು. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷೆ, ಇಬ್ಬರು ಸದಸ್ಯರು, ನಡಾವಳಿ ಬರೆಯುವ ಗುಮಾಸ್ತ. ಕೆಳಗೆ ನೂರೈವತ್ತು ಜನ. ದೊಡ್ಡವರು ಸೊನ್ನೆಯಕ್ಕನನ್ನು ಜತೆಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಜೇನಣ್ಣ ಎದ್ದು, "ಕಿತ್ತ ಗಿಡಗಳ ಲೆಕ್ಕ ಎಲ್ಲಿ?" ಎಂದು ಕೇಳಿದ. ಕಡತದಲ್ಲಿ ಅಂಥ ಗಿಡಗಳೇ ಇಲ್ಲವೆಂದು ಉತ್ತರ ಬಂತು. ಆಧಾರವೇನೆಂದು ಅವನನ್ನೇ ಕೇಳಿದರು. ಅವನು ಒಮ್ಮೆ ಸೊನ್ನೆಯಕ್ಕನತ್ತ ನೋಡಿದ, ಅವಳ ಹೆಸರು ಹೇಳಲಿಲ್ಲ, ಕುಳಿತುಬಿಟ್ಟ. ಆ ಒಳ್ಳೆಯತನ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಗ ದೊಡ್ಡವರು ನಗುತ್ತ ಎದ್ದರು. "ಅಧ್ಯಕ್ಷರೇ, ಹನ್ನೆರಡು ವರ್ಷ ಹೊರಪಟ್ಟಿ ಕಾದವರು ಇಲ್ಲೇ ಇದ್ದಾರೆ. ಎಲ್ಲರೂ ಪ್ರೀತಿಯಿಂದ ಸೊನ್ನೆಯಕ್ಕ ಅಂತಾರೆ. ಅಕ್ಕಾ, ಏಳಿ. ನೀವೇ ಹೇಳಿ, ಯಾವ ಶುಕ್ರವಾರವಾದರೂ ಒಂದು ಗಿಡ ಕಂಡುಬಂತಾ?"

ಎಲ್ಲರೂ ಅವಳನ್ನೇ ನೋಡಿದರು. ಕೊನೆಯ ಸಾಲಿನಲ್ಲಿ ಗಂಡ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಅವಳು ಎದ್ದಳು.

"ಕಂಡುಬಂದಿಲ್ಲ" ಎಂದಳು. ಅದು ನಿಜವೇ. ಇನ್ನೊಂದು ವಾಕ್ಯವನ್ನು ಹೇಗೋ ಎಳೆದು ತಂದಳು: "ಕಿತ್ತು ಹಾಕಿದ ಮೇಲೆ ಕಂಡುಬರೋದು ಹೇಗೆ, ಸ್ವಾಮಿ?"

ಯಾರೋ ಕಿಸಕ್ಕೆಂದರು, ಕೊಠಡಿಯೆಲ್ಲ ನಕ್ಕಿತು. ಅಕ್ಕನ ಚುರುಕು ನೋಡಿ, ಒಂದು ಎಲೆಯನ್ನೂ ಬಿಡುವುದಿಲ್ಲವಂತೆ ಎಂದು ಮೆಚ್ಚಿಕೊಂಡು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಗದ್ದಲ ಮುಗಿಯುವ ಹೊತ್ತಿಗೆ ದೊಡ್ಡವರು, "ಧನ್ಯವಾದ ಅಕ್ಕಾ, ಕೂತ್ಕೊಳ್ಳಿ" ಎಂದಾಗಿತ್ತು. ಮರುದಿನ ಮೇಲ್ವಿಚಾರಕರ ಮೇಜಿನ ಮೇಲೆ ನಡಾವಳಿಯ ಪ್ರತಿಯನ್ನು ಕಂಡಳು. ಗುಮಾಸ್ತ ಶಿಸ್ತಿನ ಮನುಷ್ಯ. ಪ್ರಶ್ನೆಗೆ ಬಂದ ಉತ್ತರವನ್ನಷ್ಟೇ ಬರೆದಿದ್ದ. "ಹೊರಪಟ್ಟಿಯ ನೌಕರಳು: ಕಂಡುಬಂದಿಲ್ಲ. (ನಗು)"

ನಿಜ ಹೇಳಿಯೂ ಆಗಿತ್ತು. ಅದೂ ಸೊನ್ನೆಯ ಪಕ್ಕಕ್ಕೇ ಹೋಗಿ ಕುಳಿತಿತ್ತು.

ಮೂವತ್ತು ದಿನಗಳ ಗಡುವಿನೊಳಗೆ ಇನ್ನೊಂದೇ ಒಂದು ಶುಕ್ರವಾರ ಉಳಿದಿತ್ತು. ಆ ವಾರ ಸೊನ್ನೆಯಕ್ಕ ಗಿಡ ಕೀಳಲಿಲ್ಲ.

ಹೇಳಲು ಸುಲಭ. ಸೋಮವಾರ ಮೊದಲ ಮೊಳಕೆಯ ಮುಂದೆ ನಿಂತಾಗ ಬಲಗೈ ತಾನಾಗಿಯೇ ಹೋಯಿತು. ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದುಕೊಂಡಳು. ಮಂಗಳವಾರ ಎರಡೂ ಕೈಗಳನ್ನು ಮೇಲಂಗಿಯ ಜೇಬಿಗೆ ತುರುಕಿಕೊಂಡು ಸುತ್ತು ಬಂದಳು. ಮೈಯೆಲ್ಲ ತುರಿಸಿದ ಹಾಗಾಯಿತು. ಮೇಲಾಗಿ ಇನ್ನೊಂದು ಭಯ: ಬಿಟ್ಟ ಗಿಡ ಹೂವಾದರೆ? ಪರಾಗ ಹಾರಿದರೆ? ಕೆಡುಕನ್ನು ತೋರಿಸಲು ಹೋಗಿ ಅದನ್ನು ತಾನೇ ಹೊರಗೆ ಬಿಟ್ಟಂತಾದರೆ? ತುಂಡಾಗಿ ಉಳಿದ ಬೇರಿನಿಂದ ಮತ್ತೆ ಚಿಗುರಿ ಮೊಗ್ಗು ಹಿಡಿದವನ್ನೆಲ್ಲ ಬೆಳಿಗ್ಗೆ ಸಂಜೆ ಬಗ್ಗಿ ನೋಡಿದಳು. ಬುಧವಾರ ಒಂದರಲ್ಲಿ ಹಳದಿ ಇಣುಕಿತು. ಆ ಮೊಗ್ಗೊಂದನ್ನು ಮಾತ್ರ ಚಿವುಟಿ ಬಾಯಿಗೆ ಹಾಕಿಕೊಂಡು ಜಗಿದು ನುಂಗಿದಳು. ಕಹಿಯಾಗಿತ್ತು.

ಅತ್ತೆ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. "ಏನೇ, ಈ ವಾರ ಬಗ್ತಾನೇ ಇಲ್ಲ? ಸೊಂಟ ನಂದು ಹೋಗಿದ್ದು, ನಿಂದಲ್ಲ."

ಸೊನ್ನೆಯಕ್ಕ ಮಂಚದ ಅಂಚಿನಲ್ಲಿ ಕುಳಿತು, ನಡೆದದ್ದನ್ನೆಲ್ಲ, ಜಗಲಿಯ ಮನೆ ತಪ್ಪಿಹೋಗಬಹುದೆಂಬುದನ್ನೂ ಸೇರಿಸಿ ಹೇಳಿದಳು. ಅತ್ತೆ ಮೊಳೆಗೆ ತೂಗಿದ್ದ ಪ್ರಶಂಸಾಪತ್ರದ ಕಡೆ ನೋಡಿದಳು.

"ಜಗಲಿ ಬೇಡ ಅಂತ ನಾನು ಹೇಳಲ್ಲ ಕಣೇ" ಎಂದಳು. "ಬೇಕು ಅಂತಲೂ ಈಗ ಹೇಗೆ ಹೇಳಲಿ? ಹೋಗು, ಕೆಲಸ ನೋಡು."

ಶುಕ್ರವಾರ ಮೇಲ್ವಿಚಾರಕರು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಸೊನ್ನೆ ಬರೆದುಕೊಂಡೇ ಬಂದಿದ್ದರು. ಹತ್ತು ಹೆಜ್ಜೆ ಹಾಕಿ ನಿಂತರು.

"ಏನಕ್ಕಾ ಇದು?"

"ಗಿಡ, ಸಾರ್."

"ಕಿತ್ತಿಲ್ಲ ಯಾಕೆ?"

"ಮೊದಲು ಎಣಿಸಿ. ಎಣಿಸಿದ ತಕ್ಷಣ ಕೀಳ್ತೀನಿ."

ಅವರು ಸುತ್ತಲೂ ನೋಡಿದರು. ತಾವೇ ಕೀಳಲೆಂದು ಬಗ್ಗಿದರು. ಹನ್ನೆರಡು ವರ್ಷ ಬಗ್ಗದ ಬೆನ್ನು ಅರ್ಧಕ್ಕೇ ಹಿಡಿದುಕೊಂಡಿತು. "ಅಯ್ಯೋ ಅಮ್ಮಾ" ಎಂದರು. ಸೊನ್ನೆಯಕ್ಕನೇ ತೋಳು ಹಿಡಿದು ನೇರ ಮಾಡಿದಳು. ಇಬ್ಬರೂ ಏದುಸಿರು ಬಿಡುತ್ತ ನಿಂತರು.

"ನನಗೆ ಕಣ್ಣು ಮಂಜು" ಎಂದು ಅವರು ಹಲಗೆಯನ್ನೂ ಪೆನ್ನನ್ನೂ ಅವಳ ಕೈಗಿಟ್ಟರು. "ನೀನೇ ಎಣಿಸು. ನೀನೇ ಬರಿ."

ಅವಳು ಎಣಿಸಿದಳು. ನಲವತ್ತೊಂದು, ಅದರಲ್ಲಿ ನೇರಳೆ ಉಂಗುರದವು ಹದಿಮೂರು. ಸೊನ್ನೆಯನ್ನು ಹೊಡೆದುಹಾಕಿ ಬರೆದಳು. ಎಂದಿನಂತೆ ರುಜು ಹಾಕಿದಳು. ಅವರೂ ಕೆಳಗೆ ರುಜು ಹಾಕಿ, ಹಿಂತಿರುಗಿ ನೋಡದೆ ಹೋದರು. ಅವಳು ಮೊಣಕಾಲೂರಿ ನಲವತ್ತೊಂದನ್ನೂ ಕಿತ್ತು ಕುಲುಮೆಗೆ ಹಾಕಿದಳು. ಕೈ ತುರಿಕೆ ಆಗ ನಿಂತಿತು.

ಇನ್ನು ದಾರಿ ತೆರೆಯಿತೆಂದುಕೊಂಡಿದ್ದಳು. ಸೋಮವಾರ ದೊಡ್ಡವರ ನೋಟಿಸು ಬಂತು. ಹನ್ನೆರಡು ವರ್ಷಗಳಲ್ಲಿ ಎಂದೂ ಇಲ್ಲದ ಗಿಡಗಳು ಈ ಒಂದು ವಾರ ಕಾಣಿಸಿಕೊಂಡದ್ದು ನೌಕರಳ ಅಸಡ್ಡೆಯಿಂದ. ಕೀಳಬೇಕಾದ ಗಿಡಗಳನ್ನು ಕೀಳದೆ ಬಿಟ್ಟದ್ದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದಲೂ ಮನೆಯಿಂದಲೂ ತೆಗೆಯಲಾಗುವುದು. ಪ್ರತಿ: ಪರಿಶೀಲನಾ ಸಮಿತಿಗೆ, ಕಡತಕ್ಕಾಗಿ.

"ನೋಡಿದ್ಯಾ?" ಎಂದ ಗಂಡ. "ನಲವತ್ತೊಂದನ್ನೂ ನಿನ್ನ ತಲೆಗೇ ಕಟ್ಟಿದ್ರು. ಎಲ್ಲಿಗೆ ಹೋದ್ರೂ ಅಲ್ಲೇ ಬಂದು ನಿಲ್ತೀವಿ."

ಸೊನ್ನೆಯಕ್ಕ ನೋಟಿಸನ್ನು ಎರಡು ಸಲ ಓದಿದಳು. ಮೂರನೆಯ ಸಲ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ನಿಂತಳು.

"ರೀ, ಸಮಜಾಯಿಷಿ ಅಂದ್ರೆ ನಾನು ಬರೆದು ಕೊಡೋದು ತಾನೇ?"

"ಹೂಂ."

"ಅದು ಅಭಿಪ್ರಾಯ ಅಲ್ವಲ್ಲ?"

"ಅಲ್ಲ. ಅವರೇ ಕೇಳಿದ್ದಕ್ಕೆ ಉತ್ತರ."

"ನೋಟಿಸು ಈ ಕಡತಕ್ಕೆ ಹೋದ್ರೆ ಉತ್ತರಾನೂ ಇದೇ ಕಡತಕ್ಕೆ ಹೋಗಬೇಕು. ಅಲ್ವಾ?"

ಗಂಡ ಅವಳ ಮುಖ ನೋಡಿದ. ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಯಾರೋ ಅವಳನ್ನು ಕೇಳಿದ್ದರು, ಅದೂ ಬರವಣಿಗೆಯಲ್ಲಿ. ಅವನು ಎದ್ದು ಹೋಗಿ, ಗೇಟಿನ ಮೇಜಿನಿಂದ ಒಂದು ಒಳ್ಳೆಯ ಪೆನ್ನು ತಂದುಕೊಟ್ಟ.

ಅವಳು ಬರೆದದ್ದು ಒಂದೂವರೆ ಪುಟ. ಈ ವಾರ ಗಿಡ ಕೀಳದೆ ಇದ್ದದ್ದು ನಿಜ. ಹಿಂದಿನ ಎಲ್ಲ ವಾರಗಳಲ್ಲಿಯೂ ಎಣಿಸುವ ಮೊದಲೇ ಕಿತ್ತದ್ದೂ ನಿಜ. ಯಾವ ವರ್ಷ ಎಲ್ಲಿ, ಸುಮಾರು ಎಷ್ಟು, ಬೇಲಿಯಿಂದ ಎಷ್ಟು ಹೆಜ್ಜೆ ದೂರ, ಬಚ್ಚಲ ಮೋರಿಯದೂ ಸೇರಿದಂತೆ ನೆನಪಿದ್ದಷ್ಟನ್ನೂ ಬರೆದಳು. ಕೊನೆಗೆ: "ಆದ್ದರಿಂದ ಸೊನ್ನೆ ಎಂದರೆ ಗಿಡ ಹುಟ್ಟಲಿಲ್ಲ ಎಂದಲ್ಲ, ನಾನು ಬಿಡಲಿಲ್ಲ ಎಂದು. ಇದು ನನ್ನ ತಪ್ಪು. ತಿಳಿಯದೆ ಮಾಡಿದ್ದು." ಮೇಲ್ವಿಚಾರಕರು ಅದನ್ನು ತೆಗೆದುಕೊಂಡು, ಓದಿ, ಮೊಹರು ಹಾಕಿ ಪುಟಸಂಖ್ಯೆ ಕೊಟ್ಟರು. ಪುಟಸಂಖ್ಯೆ ಬಿದ್ದ ಹಾಳೆಯನ್ನು ಕಡತದಿಂದ ತೆಗೆಯಲು ದೊಡ್ಡವರಿಗೂ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮೂವತ್ತನೆಯ ದಿನ ಜೇನಣ್ಣ ಬಂದು ಅದನ್ನು ಓದಿ, ತನ್ನ ಅಭಿಪ್ರಾಯದ ಕಾಗದಕ್ಕೆ ಆ ಪುಟದ ಸಂಖ್ಯೆಯನ್ನೊಂದು ಸೇರಿಸಿ ಕೊಟ್ಟುಹೋದ.

ಸಮಿತಿಯ ಆದೇಶ ಎರಡು ವಾರದ ಮೇಲೆ ಬಂತು. ಹಳೆಯ ಸೊನ್ನೆಗಳನ್ನು ನಂಬುವಂತಿಲ್ಲ. ಹೊಸದಾಗಿ ಮೂರು ವರ್ಷ, ಕಿತ್ತ ಪ್ರತಿಯೊಂದು ಗಿಡವನ್ನೂ ಎಣಿಸಬೇಕು. ಅಲ್ಲಿಯವರೆಗೆ ಬೇಲಿ ತೆಗೆಯುವಂತಿಲ್ಲ. ಬೆರಕೆ ಗಿಡದ ಗುರುತು ಬಲ್ಲವರು ಬೇರೆ ಯಾರೂ ಇಲ್ಲವಾದ್ದರಿಂದ ಈಗಿರುವ ನೌಕರಳೇ ಮುಂದುವರಿಯತಕ್ಕದ್ದು. ಅವಳ ಮೇಲಿನ ನೋಟಿಸಿನ ವಿಚಾರ ಆ ಮೂರು ವರ್ಷ ಮುಗಿದ ಮೇಲೆ.

ಹೀಗೆ ಬೇಲಿ ಉಳಿಯಿತು. ಬೇಲಿ ಉಳಿದದ್ದರಿಂದ ಗೇಟು, ಗೇಟು ಉಳಿದದ್ದರಿಂದ ಗಂಡನ ಬ್ರಷ್ಷು, ಮೂರು ಕೋಣೆಯ ಮನೆ, ಕಿಟಕಿಯ ತಂತಿ. ಜಗಲಿಯ ಮಾತನ್ನು ಯಾರೂ ಎತ್ತಲಿಲ್ಲ. ಪ್ರಶಂಸಾಪತ್ರವನ್ನು ದೊಡ್ಡವರು ವಾಪಸು ತರಿಸಿಕೊಂಡರು. ಖಾಲಿ ಮೊಳೆಗೆ ಅತ್ತೆ ತನ್ನ ಜಪಸರವನ್ನು ತೂ‌ಗುಹಾಕಿದಳು.

ಸೊನ್ನೆಯಕ್ಕ ಈಗಲೂ ಬೆಳಿಗ್ಗೆ ಬೂಟು ಹಾಕಿಕೊಂಡು ಇಳಿಯುತ್ತಾಳೆ. ಕಿತ್ತದ್ದನ್ನು ತಗಡಿನ ಮೇಲೆ ಸಾಲಾಗಿ ಮಲಗಿಸಿ, ಎಣಿಸಿ, ಬರೆದು, ಆಮೇಲೆ ಸುಡುತ್ತಾಳೆ. ಸಂಜೆ ಕೈ ತೊಳೆದು ಒಳಗೆ ಬರುವುದನ್ನೇ ಅತ್ತೆ ಕಾಯುತ್ತಿರುತ್ತಾಳೆ. ಬೀದಿಯಲ್ಲಿ ಹೋಗುವವರನ್ನು ಕೇಳಬೇಕೆಂದಿದ್ದ ಬಾಯಿ ಅದು, ಸಿಕ್ಕಿದ್ದು ಸೊಸೆಯೊಬ್ಬಳೇ.

"ಎಷ್ಟೇ ಇವತ್ತು?"

"ಹದಿನೇಳು, ಅತ್ತೆ."

"ಉಂಗುರದ್ದು?"

"ಐದು."

"ನಿನ್ನೆಗಿಂತ ಒಂದು ಜಾಸ್ತಿ" ಎನ್ನುತ್ತ ಮುದುಕಿ ತಂತಿಯ ಕಡೆ ತಿರುಗುತ್ತಾಳೆ.